ತಿರುಗಣೆಯ ಕಂಬ, ತಿರುಗುವ ಚಿತ್ರ: ಬಳ್ಳಿಗಾವೆ ಸೀಮೆಯ ಕಡೆತದ ಶಿಲ್ಪ ಮತ್ತು ಮನೆಬಳಕೆಯ ಕಂಪ್ಯೂಟರು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಬನವಾಸಿ ಪನ್ನಿರ್ಛಾಸಿರವೆಂಬ ದೊಡ್ಡ ನಾಡಿಗೆ ಸೇರಿದ್ದವು. ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಈ ನಾಡನ್ನು ಆಳಿದವರು ಇಂದು ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆಯನ್ನು ತಮ್ಮ ರಾಜಧಾನಿಯಾಗಿ ಬೆಳೆಸಿದರು; ಕಾಳಾಮುಖ ಯತಿಗಳ ಕೋಡಿಯ ಮಠ ಅಲ್ಲಿ ವಿದ್ಯೆಗೂ ಅನ್ನದಾನಕ್ಕೂ ರೋಗಿಗಳ ಆರೈಕೆಗೂ ಹೆಸರಾಗಿದ್ದುದನ್ನು 1162ರ ಶಾಸನ ವಿವರವಾಗಿ ಹೇಳುತ್ತದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ (1902), ಎಂಟನೆಯ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ (1904) ಪ್ರಕಟಿಸಿದ ಮೇಲೆ ಈ ಸೀಮೆಯ ಅರಸರು, ಮಠಗಳು, ದಾನದತ್ತಿಗಳು ಇತಿಹಾಸದ ಪುಸ್ತಕಗಳಿಗೆ ಬಂದವು. ಆದರೆ ಆ ಶಾಸನಗಳು ನಿಂತಿರುವ ಗುಡಿಗಳ ಒಳಗಿನ ಕಂಬಗಳು ತಾವಾಗಿಯೇ ಇನ್ನೊಂದು ಬಗೆಯ ದಾಖಲೆ. ಘನವಸ್ತುವೊಂದನ್ನು ಅಕ್ಷದ ಸುತ್ತ ತಿರುಗಿಸಿದರೆ ಏನಾಗುತ್ತದೆ, ಆ ತಿರುಗುವಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ಇಲ್ಲಿನ ರೂವಾರಿಗಳು, ಅಂದರೆ ಶಿಲ್ಪಿಗಳು, ಕಲ್ಲಿನಲ್ಲಿ ಉತ್ತರ ಕೊಟ್ಟಿದ್ದಾರೆ. ಒಂಬತ್ತು ಶತಮಾನಗಳ ಬಳಿಕ, 1980ರ ದಶಕದ ಚಿಕ್ಕ ಕಂಪ್ಯೂಟರುಗಳ ಪರದೆಯ ಮೇಲೆ ಘನವಸ್ತುಗಳನ್ನು ತಿರುಗಿಸಲು ಹೊರಟವರಿಗೂ ಇದೇ ಪ್ರಶ್ನೆಗಳು ಎದುರಾದವು. ಅವರು ಹಿಡಿದ ದಾರಿಗಳನ್ನು ಬಲ್ಲವರಿಗೆ ಬಳ್ಳಿಗಾವೆಯ ಕಂಬಗಳು ಇನ್ನಷ್ಟು ಸ್ಪಷ್ಟವಾಗಿ ಅರ್ಥವಾಗುತ್ತವೆ ಎಂಬುದೇ ಈ ಪ್ರಬಂಧದ ವಾದ.

ಈ ಸೀಮೆಯ ಕಂಬಗಳ ಚರಿತ್ರೆ ಕಡೆತದಿಂದ, ಅಂದರೆ ಕಲ್ಲನ್ನು ತಿರುಗಿಸುತ್ತ ರೂಪಿಸುವುದರಿಂದ, ಆರಂಭವಾಗುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಶಾಸನಸ್ತಂಭ ಐದನೆಯ ಶತಮಾನದ ನಡುಭಾಗದ್ದು. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಗಟ್ಟಿಯಾದ ಗ್ರಾನೈಟ್ ಕಂಬದ ಎಂಟು ಮುಖಗಳ ಮೇಲೆ ಕೊರೆಯಲಾಗಿದೆ. ಚೌಕ ಕಲ್ಲಿನ ನಾಲ್ಕು ಮೂಲೆಗಳನ್ನು ಸಮವಾಗಿ ಕತ್ತರಿಸಿದರೆ ಎಂಟು ಮುಖ ಬರುತ್ತದೆ, ಎಂಟು ಮೂಲೆಗಳನ್ನು ಕತ್ತರಿಸಿದರೆ ಹದಿನಾರು ಮುಖ ಬರುತ್ತದೆ, ಹೀಗೆ ಮುಂದುವರಿದಷ್ಟೂ ಕಂಬ ದುಂಡಿಗೆ ಹತ್ತಿರವಾಗುತ್ತದೆ. ವಾಸ್ತುಗ್ರಂಥಗಳು ನಾಲ್ಕು ಮುಖದ ಕಂಬವನ್ನು ಬ್ರಹ್ಮಕಾಂತವೆಂದೂ ಎಂಟು ಮುಖದ್ದನ್ನು ವಿಷ್ಣುಕಾಂತವೆಂದೂ ದುಂಡನೆಯದನ್ನು ರುದ್ರಕಾಂತವೆಂದೂ ಕರೆಯುವಾಗ ಇದೇ ಕ್ರಮವನ್ನು ಅನುಸರಿಸುತ್ತವೆ. ಇದಕ್ಕೆ ಬೇಕಾದ ಸಲಕರಣೆ ಹೆಚ್ಚಿನದೇನೂ ಅಲ್ಲ: ಚೌಕದ ಕರ್ಣದ ಅರ್ಧದಷ್ಟು ಹಗ್ಗವನ್ನು ಪ್ರತಿ ಮೂಲೆಯಲ್ಲೂ ಹಿಡಿದು ಪಕ್ಕದ ಎರಡು ಅಂಚುಗಳ ಮೇಲೆ ಗುರುತು ಹಾಕಿದರೆ ಎಂಟು ಮುಖಗಳ ಕಂಬಕ್ಕೆ ಬೇಕಾದ ಎಂಟು ಬಿಂದುಗಳು ಸಿಗುತ್ತವೆ. ತಾಳಗುಂದದ ಕಂಬ ಆಗಲೇ ತಿರುಗುವಿಕೆಯ ಗಣಿತವನ್ನು ಒಳಗೊಂಡಿದೆ. ಅದನ್ನು ಅಕ್ಷದ ಸುತ್ತ 45 ಅಂಶ ತಿರುಗಿಸಿದರೆ ಅದು ಮತ್ತೆ ಅದೇ ಕಂಬವಾಗಿ ಕಾಣುತ್ತದೆ.

ಕಡೆತಕ್ಕೆ ದಾರಿ ಮಾಡಿಕೊಟ್ಟದ್ದು ಕಲ್ಲಿನ ಬದಲಾವಣೆ. ಬಾದಾಮಿ ಚಾಲುಕ್ಯರೂ ಅವರ ನಂತರದವರೂ ಹೆಚ್ಚಾಗಿ ಬಳಸಿದ್ದು ಮರಳುಗಲ್ಲನ್ನು. ಹನ್ನೊಂದನೆಯ ಶತಮಾನದ ನಡುವೆ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯದಿಂದ ಮೊದಲ್ಗೊಂಡು ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿನ ಕಡೆಗೆ ತಿರುಗಿದರು. ಭೂವಿಜ್ಞಾನಿಗಳು ಕ್ಲೋರೈಟ್ ಶಿಸ್ಟ್ ಎಂದು ಗುರುತಿಸುವ ಈ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿದ್ದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಕಣಗಳು ಅತಿ ಸಣ್ಣವಾದ್ದರಿಂದ ಉಳಿ ತಗುಲಿದಲ್ಲಿ ಸಿಡಿಯದೆ ನುಣ್ಣಗೆ ಸವೆಯುತ್ತದೆ, ಉಜ್ಜಿದರೆ ಕನ್ನಡಿಯಂಥ ಹೊಳಪು ಪಡೆಯುತ್ತದೆ. ಗ್ರಾನೈಟಿನಲ್ಲಿ ಇದನ್ನು ಸಾಧಿಸುವುದು ಬಹು ಕಷ್ಟ, ಮರಳುಗಲ್ಲಿನಲ್ಲಿ ಸಾಧಿಸಿದರೂ ಅಂಚು ನಿಲ್ಲುವುದಿಲ್ಲ. ಬಳ್ಳಿಗಾವೆಯ ಕೇದಾರೇಶ್ವರ, ಅದೇ ಊರಿನ ತ್ರಿಪುರಾಂತಕೇಶ್ವರ, ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿ ಇರುವ ಕುಪ್ಪಟೂರಿನ ಕೈಟಭೇಶ್ವರ, ಈ ಮೂರೂ ಗುಡಿಗಳು ಬಳಪದ ಕಲ್ಲಿನ ಯುಗಕ್ಕೆ ಸೇರಿದವು. ಇವುಗಳಲ್ಲಿ ಕೇದಾರೇಶ್ವರ ಮೂರು ಗರ್ಭಗುಡಿಗಳುಳ್ಳ ತ್ರಿಕೂಟ. ಕೈಟಭೇಶ್ವರದಲ್ಲಿ ಗರ್ಭಗುಡಿ ಒಂದೇ ಆದರೂ ಅದರ ಮುಂದಿನ ತೆರೆದ ಸಭಾಮಂಟಪ ಬಹು ವಿಶಾಲವಾದದ್ದು, ಮತ್ತು ಕಂಬಗಳನ್ನು ಹಗಲು ಬೆಳಕಿನಲ್ಲಿ ಎಲ್ಲ ಮಗ್ಗುಲಿನಿಂದಲೂ ನೋಡುವುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕಡೆತದ ಕಂಬ ಎಂದರೆ ತಿರುಗಣೆಗೆ ಹಾಕಿ ತಿರುಗಿಸುತ್ತ, ಉಳಿಯನ್ನು ಒಂದೆಡೆ ಊರಿ ಹಿಡಿದು ರೂಪಿಸಿದ ಕಂಬ. ಮರ ಕಡೆಯುವವರಿಗೆ ಈ ಕೆಲಸ ಹಳೆಯದು. ಚನ್ನಪಟ್ಟಣದ ಬೊಂಬೆ ಮಾಡುವವರು ಆಲೆ ಮರದ ತುಂಡನ್ನು ತಿರುಗಿಸುತ್ತ ಅರಗಿನ ಬಣ್ಣ ಹಿಡಿಸುವುದು ಇದೇ ತತ್ತ್ವದ ಮೇಲೆ. ಕಲ್ಲಿನಲ್ಲಿ ಕಷ್ಟ ತರುವುದು ತೂಕ. ಎರಡು ಮೀಟರ್ ಎತ್ತರ, ಅರ್ಧ ಮೀಟರ್ ವ್ಯಾಸದ ಬಳಪದ ಕಲ್ಲಿನ ಕಂಬ ಒಂದು ಟನ್ನಿಗೂ ಮಿಗಿಲಾಗಿ ತೂಗುತ್ತದೆ. ಅಂಥ ಭಾರವನ್ನು ತಿರುಗಿಸಬೇಕಾದರೆ ಅಕ್ಷ ಕಲ್ಲಿನ ಸರಿಯಾದ ನಡುವಿನಲ್ಲೇ ಹಾಯಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಕಲ್ಲು ಒಂದು ಕಡೆಗೆ ಎಳೆದು ಉಳಿಯ ಕಚ್ಚು ಆಳ ತಪ್ಪುತ್ತದೆ. ಆದ್ದರಿಂದ ತಿರುಗಣೆಗೆ ಏರುವ ಮೊದಲೇ ಕಲ್ಲನ್ನು ಆದಷ್ಟೂ ದುಂಡಗೆ ಮಾಡಿಕೊಳ್ಳುವುದು ಲಾಭದ ಕೆಲಸ, ಮತ್ತು ಇಲ್ಲಿ ಹಳೆಯ ಮುಖಕ್ರಮ ನೆರವಿಗೆ ಬರುತ್ತದೆ. ಚೌಕದಿಂದ ನೇರವಾಗಿ ದುಂಡಿಗೆ ಹೋದರೆ ಕಲ್ಲಿನ ನೂರಕ್ಕೆ ಇಪ್ಪತ್ತೊಂದು ಭಾಗವನ್ನು ತಿರುಗಣೆಯ ಮೇಲೆಯೇ ಸವೆಸಬೇಕು. ಎಂಟು ಮುಖ ಮಾಡಿಕೊಂಡರೆ ಉಳಿಯುವುದು ನೂರಕ್ಕೆ ಐದು ಭಾಗ. ಹದಿನಾರು ಮುಖ ಮಾಡಿಕೊಂಡರೆ ನೂರಕ್ಕೆ ಒಂದೂಕಾಲು ಭಾಗದಷ್ಟು ಮಾತ್ರ.

ಈ ಕಂಬಗಳ ಬುಡದಲ್ಲಿ ಚೌಕ ದಿಮ್ಮಿಯೊಂದನ್ನು ಕಡೆಯದೆ ಹಾಗೆಯೇ ಬಿಟ್ಟಿರುವುದನ್ನು ನೋಡಬೇಕು. ಚೌಕದ ಮೂಲೆಗಳು ಎದ್ದು ನಿಂತಿರುವಲ್ಲಿ, ಅದರ ಮೇಲೆಯೇ ಘಂಟೆಯ ಆಕಾರದ ಕಡೆತ, ಅದರ ಮೇಲೆ ಒಳಸರಿದ ಕಂಠ, ಆಮೇಲೆ ಚಕ್ರದಂತೆ ಹೊರಚಾಚಿದ ತೆಳು ಬಿಲ್ಲೆಗಳು, ಕೊನೆಗೆ ತೊಲೆಯನ್ನು ಹೊರುವ ಬೋದಿಗೆ ಎಂಬ ಕ್ರಮವಿದೆ. ಬುಡದ ಚೌಕ ಶಿಲ್ಪಿ ಎಂಥ ದಿಮ್ಮಿಯಿಂದ ಹೊರಟನೆಂಬುದರ ಅಳತೆಗೋಲು, ಏಕೆಂದರೆ ಮೇಲಿನ ಯಾವ ಬಳೆಯೂ ಆ ಚೌಕದ ಬದಿಗಿಂತ ಅಗಲವಾಗಿರಲು ಸಾಧ್ಯವಿಲ್ಲ. ಘಂಟೆಯ ಮೈಮೇಲೆ ಬೆಳಕು ಓರೆಯಾಗಿ ಬಿದ್ದಾಗ ಕೂದಲೆಳೆಯಷ್ಟು ಸಣ್ಣ ಸಮಾಂತರ ಗೆರೆಗಳು ಕಂಬದ ಸುತ್ತ ಒಂದೇ ಮಟ್ಟದಲ್ಲಿ ಹಾಯುವುದು ಕಾಣುತ್ತದೆ. ಕೈಯಿಂದ ಕೊರೆದ ಗೆರೆ ಎಲ್ಲಾದರೂ ಒಂದು ಕಡೆ ಅಲುಗಲೇಬೇಕು, ಈ ಗೆರೆಗಳು ಅಲುಗಿಲ್ಲ. ಕಡೆದ ಯಂತ್ರ ಉಳಿದಿಲ್ಲ, ಯಂತ್ರದ ನಡೆ ಉಳಿದಿದೆ.

ಇಲ್ಲಿ ಒಂದು ವಿಚಿತ್ರವಾದ ಸಂಗತಿ ಇದೆ. ಚೆನ್ನಾಗಿ ಕಡೆದ ಕಂಬ ತಾನು ತಿರುಗಿದ್ದನ್ನು ತೋರಿಸಿಕೊಳ್ಳುವುದಿಲ್ಲ. ಅದನ್ನು ಈಗ ಅದರ ಅಕ್ಷದ ಮೇಲೆ ಎಷ್ಟು ತಿರುಗಿಸಿದರೂ ಹೊರಗೆರೆ ಬದಲಾಗುವುದಿಲ್ಲ, ನೋಡುವವನಿಗೆ ಅದು ನಿಂತೇ ಇರುವಂತೆ ಕಾಣುತ್ತದೆ. ತಿರುಗುವುದು ಕಣ್ಣಿಗೆ ಬೀಳಬೇಕಾದರೆ ಮೈಮೇಲೆ ಮೂಲೆ ಬೇಕು, ಗೆರೆ ಬೇಕು, ಇಲ್ಲವೇ ಬಣ್ಣದ ಪಟ್ಟೆ ಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿರುವ ನರಸಿಂಹ ಕಂಬ ಹಿಂದೆ ತನ್ನ ಅಕ್ಷದ ಮೇಲೆ ತಿರುಗುತ್ತಿತ್ತೆಂಬ ಪ್ರತೀತಿ ಹುಟ್ಟಿಕೊಂಡದ್ದು, ಅಡಿಯಿಂದ ಮುಡಿಯವರೆಗೆ ಕಿರುಶಿಲ್ಪಗಳು ತುಂಬಿದ ಕಂಬದ ಬಗ್ಗೆಯೇ ಹೊರತು ಅದೇ ಮಂಟಪದ ನುಣುಪಾದ ಕಡೆತದ ಕಂಬಗಳ ಬಗ್ಗೆ ಅಲ್ಲ ಎಂಬುದು ಗಮನಿಸಬೇಕಾದ ಮಾತು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯಲ್ಲಿ ಮದನಿಕೆಯರನ್ನು ಕಂಡರಿಸಿ ಹೆಸರು ಬರೆದಿಟ್ಟ ದಾಸೋಜ ಬಳ್ಳಿಗಾವೆಯವನು. ಅವನ ಮಗ ಚಾವಣನೂ ಅಲ್ಲಿಯೇ ಕೆಲಸ ಮಾಡಿದ. ಹೊಯ್ಸಳರ ಹೆಮ್ಮೆಯ ಗುಡಿಗೆ ಕೈ ನೀಡಿದವರಲ್ಲಿ ಬಳ್ಳಿಗಾವೆಯ ಶಾಲೆಯವರಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಚಾಲುಕ್ಯ ಶಿಲ್ಪಿಗಳು ತಿರುಗುವಿಕೆಯನ್ನು ಬಳಸಿಕೊಂಡ ಎರಡನೆಯ ಬಗೆ ಕಡೆತಕ್ಕೆ ನೇರ ವಿರುದ್ಧವಾದದ್ದು. ತಿರುಗಿಸುತ್ತಲೇ ಇರುವ ಬದಲು ಒಂದಿಷ್ಟು ತಿರುಗಿಸಿ ನಿಲ್ಲಿಸುವುದು, ನಿಂತಲ್ಲಿ ಮೂಲೆಯನ್ನು ಗುರುತಿಸುವುದು, ಮತ್ತೆ ಅಷ್ಟೇ ತಿರುಗಿಸಿ ನಿಲ್ಲಿಸುವುದು. ನಕ್ಷತ್ರಾಕಾರದ ತಲವಿನ್ಯಾಸ ಹುಟ್ಟುವುದು ಹೀಗೆ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದ ವಿಮಾನ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ 15 ಅಂಶಗಳಂತೆ ತಿರುಗಿಸುತ್ತ ಆರು ನಿಲುಗಡೆಗಳಲ್ಲಿ ಅದರ ನಾಲ್ಕು ಮೂಲೆಗಳನ್ನು ಗುರುತಿಸಿದರೆ ಆ 24 ಮೂಲೆಗಳು ಬರುತ್ತವೆ. ಬೇಲೂರಿನ ವಿಮಾನದ 16 ಮೂಲೆಗಳಿಗೆ ನಾಲ್ಕು ನಿಲುಗಡೆ ಸಾಕು, ಒಂದೊಂದರ ನಡುವೆ 22.5 ಅಂಶ. ಇದೇ ವಿಧಾನವನ್ನು ಕಂಬದ ಅಡ್ಡಕೊಯ್ತಕ್ಕೆ ಅನ್ವಯಿಸಿದಾಗ ಹಲವು ಮೂಲೆಗಳ ನಕ್ಷತ್ರಕಂಬ ಸಿಗುತ್ತದೆ. ಗುಡಿಯನ್ನು ಯಾರೂ ತಿರುಗಿಸಲಾರರು, ಆದರೆ ಪ್ರದಕ್ಷಿಣೆ ಹಾಕುವವನು ತಾನೇ ತಿರುಗುತ್ತಾನೆ, ಮತ್ತು ವಸ್ತು ತಿರುಗಿದರೂ ನೋಡುವವನು ಸುತ್ತಿದರೂ ಕಣ್ಣಿಗೆ ಬೀಳುವ ಚಿತ್ರ ಒಂದೇ. ನಕ್ಷತ್ರಾಕಾರದ ಗೋಡೆಯ ಸುತ್ತ ನಡೆಯುವವನಿಗೆ ಒಂದು ಮುಖ ಮರೆಯಾಗುತ್ತಿದ್ದಂತೆ ಇನ್ನೊಂದು ಮುಖ ಬೆಳಕಿಗೆ ಬರುತ್ತದೆ. ದುಂಡು ಗೋಡೆಯ ಸುತ್ತ ನಡೆದವನಿಗೆ ಈ ಅನುಭವ ಇಲ್ಲ.

ತಿರುಗುವಿಕೆಯನ್ನು ಕಣ್ಣಿಗೆ ತೋರಿಸುವ ಇದೇ ಕಷ್ಟ 1980ರ ದಶಕದಲ್ಲಿ ಗಾಜಿನ ಪರದೆಯ ಮೇಲೆ ಮರಳಿ ಬಂತು. 1981ರ ಕೊನೆಗೆ ಬ್ರಿಟನ್ನಿನಲ್ಲಿ ಏಕಾರ್ನ್ ಸಂಸ್ಥೆ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರನ್ನೂ, 1982ರಲ್ಲಿ ಸಿಂಕ್ಲೇರ್ ಸಂಸ್ಥೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬುದನ್ನೂ ಮಾರುಕಟ್ಟೆಗೆ ತಂದವು. ಇವು ಮನೆಯ ಟಿ.ವಿ.ಗೆ ಜೋಡಿಸಿ ಬಳಸಬಹುದಾದ, ಸಾಮಾನ್ಯ ಕುಟುಂಬವೂ ಕೊಳ್ಳಬಹುದಾದ ಯಂತ್ರಗಳು. ಭಾರತಕ್ಕೆ ಬಿಬಿಸಿ ಮೈಕ್ರೋ ಬಂದದ್ದು ಮನೆಗಳ ಬಾಗಿಲಿನಿಂದಲ್ಲ, ಶಾಲೆಗಳ ಬಾಗಿಲಿನಿಂದ: ಕೇಂದ್ರ ಸರ್ಕಾರ 1984–85ರಲ್ಲಿ ಆರಂಭಿಸಿದ ಕ್ಲಾಸ್ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯಲ್ಲಿ ಮೊದಲಿಗೆ ದೇಶದ 250 ಶಾಲೆಗಳಿಗೆ ಈ ಯಂತ್ರಗಳನ್ನು ಕೊಡಲಾಯಿತು. ಬಿಬಿಸಿ ಮೈಕ್ರೋದ ಒಳಗಿನ 6502 ಎಂಬ ಸಂಸ್ಕಾರಕ, ಅಂದರೆ ಲೆಕ್ಕ ಮಾಡುವ ಚಿಪ್ಪು, ಸೆಕೆಂಡಿಗೆ 20 ಲಕ್ಷ ಮಿಡಿತಗಳ ವೇಗದ್ದು. ಕೂಡುವುದೂ ಕಳೆಯುವುದೂ ಅದಕ್ಕೆ ಗೊತ್ತು, ಗುಣಿಸುವ ಆದೇಶವೇ ಅದರಲ್ಲಿ ಇಲ್ಲ. ಮೆಮೊರಿ 32 ಕಿಲೋಬೈಟ್, ಅದರಲ್ಲೂ 320ಕ್ಕೆ 256 ಚುಕ್ಕಿಗಳ ಎರಡು ಬಣ್ಣದ ಪರದೆಯೇ 10 ಕಿಲೋಬೈಟನ್ನು ನುಂಗುತ್ತಿತ್ತು.

ಘನವಸ್ತುವನ್ನು ತಿರುಗಿಸಬೇಕಾದರೆ ಅದರ ಪ್ರತಿ ಮೂಲೆಯ ಹೊಸ ಸ್ಥಾನ ಗೊತ್ತಾಗಬೇಕು. ಒಂದು ಅಕ್ಷದ ಸುತ್ತ ತಿರುಗಿಸುವಾಗ ಒಂದು ಬಿಂದುವಿಗೆ ನಾಲ್ಕು ಗುಣಾಕಾರ ಬೇಕು, ಕೋನದ ಸೈನ್ ಮತ್ತು ಕೊಸೈನ್ ಬೆಲೆಗಳೂ ಬೇಕು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದನ್ನು ಬರೆದರೆ ನೂರಾರು ಬಿಂದುಗಳ ಒಂದು ಚಿತ್ರ ಮೂಡುವುದಕ್ಕೆ ಹಲವು ಸೆಕೆಂಡು ಹಿಡಿಯುತ್ತಿತ್ತು, ಮತ್ತು ಸೆಕೆಂಡಿಗೆ ಹತ್ತು ಚಿತ್ರವಾದರೂ ಬದಲಾಗದಿದ್ದರೆ ಕಣ್ಣು ಅದನ್ನು ಚಲನೆಯೆಂದು ಒಪ್ಪುವುದಿಲ್ಲ. ಆದ್ದರಿಂದ ಬಲ್ಲವರು ಸೈನ್ ಬೆಲೆಗಳನ್ನು ಮೊದಲೇ ಲೆಕ್ಕ ಹಾಕಿ ಕೋಷ್ಟಕವಾಗಿ ಮೆಮೊರಿಯಲ್ಲಿ ಇಟ್ಟುಕೊಂಡರು. 499ರ ಆರ್ಯಭಟೀಯದಲ್ಲಿ ಕಾಲುವೃತ್ತವನ್ನು 24 ಪಾಲು ಮಾಡಿ ಜ್ಯಾಗಳ, ಅಂದರೆ ಸೈನ್‌ಗಳ, ಅಂತರಗಳನ್ನು ಪಟ್ಟಿ ಮಾಡಿಟ್ಟದ್ದು ಇದೇ ಉದ್ದೇಶಕ್ಕೆ: ಲೆಕ್ಕ ಮಾಡುವವನು ಕೆಲಸದ ಹೊತ್ತಿನಲ್ಲಿ ಮೂಲದಿಂದ ಹೊರಡಬೇಕಾಗಬಾರದು. ಗುಣಾಕಾರಕ್ಕೂ ಕೋಷ್ಟಕವನ್ನೇ ನೆಚ್ಚಿದರು. ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ವ್ಯತ್ಯಾಸದ ವರ್ಗವನ್ನು ಕಳೆದು ನಾಲ್ಕರಿಂದ ಭಾಗಿಸಿದರೆ ಗುಣಲಬ್ಧ ಬರುತ್ತದೆ. ಕಾಲುವರ್ಗಗಳ ಪಟ್ಟಿ ಇದ್ದರೆ ಕೂಡುವುದು ಕಳೆಯುವುದರಲ್ಲೇ ಕೆಲಸ ಮುಗಿಯುತ್ತದೆ. ಗೆರೆಯನ್ನು ಅಳಿಸುವುದಕ್ಕೆ ಅದೇ ಗೆರೆಯನ್ನು ಇನ್ನೊಮ್ಮೆ ಎಳೆಯುವುದು, ನೋಡುವವನಿಗೆ ಬೆನ್ನು ಮಾಡಿದ ಮುಖಗಳನ್ನು ಲೆಕ್ಕದಿಂದಲೇ ಕೈಬಿಡುವುದು ಮುಂತಾದ ಉಪಾಯಗಳೂ ಇದ್ದವು.

ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್ 1984ರಲ್ಲಿ ಬಿಬಿಸಿ ಮೈಕ್ರೋಗಾಗಿ ಹೊರತಂದ ಎಲೈಟ್ ಎಂಬ ಆಟ ಈ ಉಪಾಯಗಳ ದೊಡ್ಡ ಗೆಲುವು. ಅದರಲ್ಲಿ ಬರುವ ಬಾಹ್ಯಾಕಾಶ ನಿಲ್ದಾಣ ಎಂಟು ತ್ರಿಕೋನಗಳೂ ಆರು ಚೌಕಗಳೂ ಸೇರಿದ ಘನಾಕೃತಿ. ಅದು ಸದಾ ತನ್ನ ಅಕ್ಷದ ಮೇಲೆ ತಿರುಗುತ್ತಿರುತ್ತದೆ, ಆಡುವವನು ತನ್ನ ನೌಕೆಯನ್ನೂ ಅದೇ ವೇಗದಲ್ಲಿ ತಿರುಗಿಸಿಕೊಂಡು ಅದರ ಕಿರುಬಾಗಿಲನ್ನು ಹೊಗಬೇಕು. ಕೇವಲ ಹನ್ನೆರಡು ಮೂಲೆಗಳ ಆಕೃತಿ ಇದಾದ್ದರಿಂದ ಆ ಸಣ್ಣ ಯಂತ್ರಕ್ಕೆ ಅದು ದಕ್ಕಿತು. ನುಣುಪಾದ ಗೋಳವಾಗಿದ್ದರೆ ಅದು ತಿರುಗುವುದೇ ಕಾಣುತ್ತಿರಲಿಲ್ಲ. ಅದೇ 1984ರಲ್ಲಿ ಅಮೀಗಾ ಎಂಬ ಕಂಪ್ಯೂಟರಿನ ಮಾದರಿಯನ್ನು ಅಮೆರಿಕದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ತೋರಿಸಿದಾಗ ಅದರ ಪರದೆಯ ಮೇಲೆ ಪುಟಿಯುತ್ತ ತಿರುಗಿದ ಚೆಂಡಿಗೆ ಕೆಂಪು ಬಿಳಿ ಚೌಕಳಿ ಇತ್ತು. ಆ ಚೆಂಡು ನಿಜವಾಗಿ ತಿರುಗುತ್ತಿರಲೇ ಇಲ್ಲ: ಚೆಂಡಿನ ಚಿತ್ರ ಇದ್ದಂತೆಯೇ ಇರುತ್ತಿತ್ತು, ಪಟ್ಟೆಗಳ ಬಣ್ಣಗಳು ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತಿದ್ದವು. ಡಂಬಳದ ವಿನ್ಯಾಸ ಮಾಡಿದವರಿಗೆ ತಿಳಿದಿದ್ದ ಸತ್ಯವೇ ಇದು. ಒಂದು ನಿಲುಗಡೆಯಷ್ಟು ತಿರುಗಿದ ಆಕೃತಿ ಮೊದಲಿನ ಆಕೃತಿಯೇ ಆಗಿರುವಾಗ, ತೋರಿಸಬೇಕಾದದ್ದು ಎರಡು ನಿಲುಗಡೆಗಳ ನಡುವಿನ ಹಾದಿಯನ್ನಷ್ಟೇ.

ಕುಪ್ಪಟೂರಿನ ಮಾದರಿಯ ಕಂಬವನ್ನು ಅಂಥ ಯಂತ್ರಕ್ಕೆ ಇಳಿಸುವುದಾದರೆ ಲೆಕ್ಕ ಹೀಗಾಗುತ್ತದೆ. ಕಂಬದ ಹೊರಗೆರೆಯನ್ನು ಬುಡದಿಂದ ತುದಿಯವರೆಗೆ 20 ಬಿಂದುಗಳಲ್ಲಿ ಅಳೆದುಕೊಂಡು, ಪ್ರತಿ ಬಿಂದುವನ್ನೂ ಅಕ್ಷದ ಸುತ್ತ 16 ನಿಲುಗಡೆಗಳಲ್ಲಿ ತಿರುಗಿಸಿದರೆ 320 ಬಿಂದುಗಳ ಜಾಲ ಸಿಗುತ್ತದೆ. ಇದನ್ನು ಸಾಮಾನ್ಯ ವಿಧಾನದಲ್ಲಿ ತಿರುಗಿಸಲು ಒಂದೊಂದು ಚಿತ್ರಕ್ಕೂ 1,280 ಗುಣಾಕಾರ ಬೇಕು. ಆದರೆ 22.5 ಅಂಶ ತಿರುಗಿದಾಗ ಜಾಲ ಮೊದಲಿನಂತೆಯೇ ಆಗುವುದರಿಂದ ನಡುವಿನ ನಾಲ್ಕೇ ಚಿತ್ರಗಳು ಸಾಕು. ಐದನೆಯದು ಮತ್ತೆ ಮೊದಲನೆಯದೇ. ಬಳೆಗಳೆಲ್ಲ ವೃತ್ತಗಳಾದ್ದರಿಂದ ನಾಲ್ಕೂ ಚಿತ್ರಗಳ ಅಡ್ಡ ಅಳತೆಗಳಿಗೆ ಕಾಲುವೃತ್ತದ 15 ಸೈನ್ ಬೆಲೆಗಳು ಸಾಕಾಗುತ್ತವೆ, ಅಂದರೆ ಒಟ್ಟು 300 ಗುಣಾಕಾರ. 64 ಚುಕ್ಕಿ ಅಗಲ, 128 ಚುಕ್ಕಿ ಎತ್ತರದ ಒಂದು ಚಿತ್ರಕ್ಕೆ ಒಂದು ಕಿಲೋಬೈಟ್ ಸಾಕು, ನಾಲ್ಕಕ್ಕೆ ನಾಲ್ಕು. 32 ಕಿಲೋಬೈಟಿನ ಯಂತ್ರದಲ್ಲಿ ಈ ಕಂಬ ಎಡೆಬಿಡದೆ ತಿರುಗುತ್ತಿರಲು ಯಾವ ಅಡ್ಡಿಯೂ ಇಲ್ಲ. ಬುಡದ ಚೌಕಕ್ಕೆ ಮಾತ್ರ ಬೇರೆ ಲೆಕ್ಕ. ಅದು ಮೊದಲಿನ ರೂಪಕ್ಕೆ ಮರಳಲು 90 ಅಂಶ ತಿರುಗಬೇಕು, ಹಾಗಾಗಿ ಅದಕ್ಕೆ 16 ಚಿತ್ರ ಬೇಕು. ಕಡೆತಕ್ಕೆ ಸಿಗದೆ ಉಳಿದ ಭಾಗವೇ ಲೆಕ್ಕದಲ್ಲೂ ಹಟ ಹಿಡಿಯುವುದು ಸಹಜ.

ಕಡೆದ ಕಂಬದ ಸಂಪೂರ್ಣ ರೂಪ ಒಂದೇ ಒಂದು ಹೊರಗೆರೆಯಲ್ಲಿ ಅಡಗಿದೆ ಎಂಬುದು ಈ ಲೆಕ್ಕದಿಂದ ಸಿಗುವ ದೊಡ್ಡ ಪ್ರಯೋಜನ. ಮದನಿಕೆಯ ವಿಗ್ರಹವನ್ನು ಅಳೆದು ದಾಖಲಿಸಲು ದುಬಾರಿ ಯಂತ್ರ ಬೇಕು, ಗೋಡೆಯ ಶಿಲ್ಪಸಾಲಿಗೂ ಬೇಕು. ಕಡೆತದ ಕಂಬಕ್ಕೆ ತೂಗುಗುಂಡು ಕಟ್ಟಿದ ಒಂದು ದಾರ ಮತ್ತು ಒಂದು ಅಳತೆಪಟ್ಟಿ ಸಾಕು: ದಾರವನ್ನು ಕಂಬದ ಪಕ್ಕದಲ್ಲಿ ಇಳಿಬಿಟ್ಟು, ಬೆರಳಗಲಕ್ಕೊಮ್ಮೆ ದಾರಕ್ಕೂ ಕಲ್ಲಿಗೂ ಇರುವ ಅಂತರವನ್ನೂ ಒಂದೆಡೆ ಕಂಬದ ಸುತ್ತಳತೆಯನ್ನೂ ಬರೆದುಕೊಂಡರೆ ಆ ಕಂಬ ಕಾಗದದ ಮೇಲೆ ಉಳಿಯುತ್ತದೆ, ಯಾವ ಕಂಪ್ಯೂಟರಿನಲ್ಲಾದರೂ ಮತ್ತೆ ತಿರುಗುತ್ತದೆ. ಒಂದೇ ಹೊರಗೆರೆ ಎರಡು ಗುಡಿಗಳಲ್ಲಿ ಕಂಡುಬಂದರೆ ಒಂದೇ ಕಾರ್ಯಾಗಾರದ ಕೈ ಗುರುತಿಸಲೂ ಅದು ನೆರವಾಗುತ್ತದೆ. ಬಳ್ಳಿಗಾವೆ, ಕುಪ್ಪಟೂರುಗಳ ಈ ಗುಡಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪ್ರೌಢಶಾಲೆಗಳ ಗಣಿತ ಹಾಗೂ ಇತಿಹಾಸದ ಅಧ್ಯಾಪಕರು ಇಲಾಖೆಯ ಅನುಮತಿ ಪಡೆದು, ತಮ್ಮ ವಿದ್ಯಾರ್ಥಿಗಳಿಂದ ಈ ಕಂಬಗಳ ಹೊರಗೆರೆಗಳನ್ನು ಒಂದೊಂದಾಗಿ ಅಳೆಸಿ, ಬರೆಸಿ, ಎಲ್ಲರಿಗೂ ಸಿಗುವಂತೆ ಒಂದೆಡೆ ಸೇರಿಸಿಡಬೇಕು.